ಹುಲಿಗೆವ್ವನ ಹೆಸರಿನ ಆರು ನಂಬರು

ಹುಲಿಗೆವ್ವನ ಹತ್ತಿರ ಇದ್ದದ್ದು ಒಂದೇ ಒಂದು ಫೋನು. ಅದೂ ಗುಂಡಿಯ ಫೋನು. ಐದು ಮತ್ತು ಎಂಟರ ಗುಂಡಿಗಳು ಉಗುರಿನಿಂದ ಕುಟ್ಟಿದರೆ ಮಾತ್ರ ಮಾತು ಕೇಳುತ್ತಿದ್ದವು. ಇಂಥವಳ ಹೆಸರಿನಲ್ಲಿ ಆರು ನಂಬರುಗಳಿವೆ, ಅವುಗಳಲ್ಲೊಂದರಿಂದ ಕಾರ್ಕಳದ ಮುದುಕರೊಬ್ಬರನ್ನು ಮೂರು ದಿನ ಹೆದರಿಸಿ ಕೂಡಿಹಾಕಲಾಗಿದೆ ಎಂದರೆ ಯಾರಿಗಾದರೂ ನಗು ಬರಬೇಕು. ಆದರೆ ಪೊಲೀಸರು ನಗುವುದಕ್ಕೆ ಬಂದಿರಲಿಲ್ಲ.

ಸುದ್ದಿ ಅವಳನ್ನು ಮುಟ್ಟಿದ್ದು ಉಳಿದವರನ್ನೆಲ್ಲ ಮುಟ್ಟಿಯಾದ ಮೇಲೆ. ಆಧಾರ್ ಕಾರ್ಡಿನಲ್ಲಿ ಇನ್ನೂ ಕೊಪ್ಪಳ ಕಡೆಯ ತವರೂರಿನ ವಿಳಾಸವೇ ಇತ್ತು. ಹಾಗಾಗಿ ಪೊಲೀಸ್ ಜೀಪು ಮೊದಲು ನಿಂತದ್ದು ಅವಳ ಅಣ್ಣ ಕರಿಬಸವನ ಮನೆಯ ಮುಂದೆ, ಬೆಳಿಗ್ಗೆ ಹತ್ತು ಗಂಟೆಗೆ, ಇಡೀ ಓಣಿ ಕಟ್ಟೆಯ ಮೇಲೆ ಕೂತಿದ್ದ ಹೊತ್ತಿನಲ್ಲಿ. ಕರಿಬಸವ ತಂಗಿಗೆ ಫೋನು ಮಾಡಲಿಲ್ಲ. ಅವಳು ದುಡಿಯುವ ಗುಂಪಿನ ಮೇಸ್ತ್ರಿ ಸೋಮಲಿಂಗನಿಗೆ ಮಾಡಿದ. ಅಣ್ಣನಿಗೆ ತನ್ನ ದನಿ ಕೇಳುವುದೂ ಬೇಡವಾಗಿದೆ ಎಂದು ಹುಲಿಗೆವ್ವನಿಗೆ ಅಷ್ಟರಲ್ಲೇ ಗೊತ್ತಾಯಿತು.

ಮಣಿಪಾಲದಲ್ಲಿ ಏಳುತ್ತಿದ್ದ ಫ್ಲ್ಯಾಟೊಂದರ ಐದನೆಯ ಮಹಡಿಗೆ ಸೋಮಲಿಂಗ ಏದುಸಿರು ಬಿಡುತ್ತ ಹತ್ತಿ ಬಂದ. ಹುಲಿಗೆವ್ವ ಸಿಮೆಂಟು ಕಲಸುತ್ತಿದ್ದಳು. ಮೆಟ್ಟಿಲ ಬಾಯಲ್ಲಿ ನಿಂತು ಬುಟ್ಟಿ ದಾಟಿಸುತ್ತಿದ್ದವಳು ಅನ್ನಪೂರ್ಣ.

"ಹುಲಿಗೆವ್ವಾ, ಸಲಿಕಿ ಬಿಡು. ನಿಮ್ಮೂರಿಗೆ ಪೊಲೀಸ್ರು ಬಂದಿದ್ರಂತ. ನಿನ್ನ ಹುಡುಕ್ಕೊಂಡು. ನಾಳಿ ಕಾರ್ಕಳ ಠಾಣೆಗೆ ಹೋಗಬೇಕಂತ ನೀ. ಏನ್ ಮಾಡಿಯವಾ?"

"ನಾ ಏನ್ ಮಾಡ್ಲಿ?"

"ಅದು ನಿನಗ ಗೊತ್ತು. ನನ್ನ ಹೆಸರು ಮಾತ್ರ ಅಲ್ಲಿ ತೆಗೀಬ್ಯಾಡ ನೋಡು."

ಅವನು ಇಳಿದು ಹೋದ. ಅನ್ನಪೂರ್ಣ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಹತ್ತಿರ ಬಂದಳು. ಮೂವತ್ತರ ಹೆಂಗಸು, ಏಳನೆಯ ಇಯತ್ತೆ ಓದಿದವಳು, ಸಹಿ ಮಾಡುವಾಗ ಹೆಸರಿನ ಕೆಳಗೆ ಗೆರೆ ಎಳೆಯುವಷ್ಟು ಠೀವಿಯವಳು.

"ಏನಾತಕ್ಕಾ?"

"ಏನಿಲ್ಲಬೇ. ಊರಾಗಿನ ಹೊಲದ ಕಾಗದದ್ದು ಏನೋ ತಕರಾರು," ಅಂದಳು ಹುಲಿಗೆವ್ವ. ಅವಳಿಗೆ ಊರಿನಲ್ಲಿ ಅಂಗೈಯಗಲ ಹೊಲವೂ ಇರಲಿಲ್ಲ. ಅದು ಅನ್ನಪೂರ್ಣಳಿಗೂ ಗೊತ್ತಿತ್ತು. ಆದರೂ ಅವಳು ಕೇಳಲಿಲ್ಲ.

ಮರುದಿನ ಹಿರಿಯಡ್ಕದ ಮೇಲಾಗಿ ಹೋಗುವ ಬಸ್ಸು ಹಿಡಿದು ಹುಲಿಗೆವ್ವ ಕಾರ್ಕಳಕ್ಕೆ ಹೋದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಕಂಡಕ್ಟರನ ಹತ್ತಿರ ಟಿಕೆಟು ಕೇಳುವಾಗ 'ಪೊಲೀಸ್ ಸ್ಟೇಷನ್ ಸ್ಟಾಪು' ಎನ್ನಲಾರದೆ 'ಬಸ್ಟ್ಯಾಂಡು' ಎಂದಳು. ಅಲ್ಲಿಂದ ದಾರಿ ಕೇಳುವುದಕ್ಕೂ ಬಾಯಿ ಬರಲಿಲ್ಲ. ಎರಡು ಸಲ ಠಾಣೆಯ ಮುಂದೆಯೇ ಹಾದುಹೋಗಿ, ಮೂರನೆಯ ಸಲ ಆಚೀಚೆ ನೋಡಿ ಒಳಗೆ ನುಗ್ಗಿದಳು, ಕಳ್ಳರು ನುಗ್ಗುವ ಹಾಗೆ.

ಒಳಗಿದ್ದವರು ಎ.ಎಸ್.ಐ. ದೇಜಪ್ಪ. ತಲೆಯೆಲ್ಲ ನೆರೆತ, ಆತುರವಿಲ್ಲದ ಮನುಷ್ಯ. ಅವರ ಮೇಜಿನ ಎದುರು ಬಿಳಿ ಅಂಗಿಯ ವೃದ್ಧರೊಬ್ಬರು ಕೂತಿದ್ದರು. ಅವಳನ್ನು ಕಂಡು ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

"ಇವರು ಸ್ಟ್ಯಾನಿಸ್ಲಾಸ್ ಮಾಸ್ಟ್ರು," ಅಂದರು ದೇಜಪ್ಪ. "ಏಪ್ರಿಲ್ ತಿಂಗಳಲ್ಲಿ ಇವರಿಗೊಂದು ಫೋನ್ ಬಂತು. ಕೋರ್ಟಿನವರು, ನೀವು ಅರೆಸ್ಟ್ ಆಗಿದ್ದೀರಿ ಅಂತ ಫೋನಿನಲ್ಲೇ ಹೆದರಿಸಿ ಮೂರು ದಿನ ಮನೆಯಿಂದ ಹೊರಗೆ ಬಿಡ್ಲಿಲ್ಲ. ಆ ಫೋನಿನ ನಂಬರು ನಿಮ್ಮ ಹೆಸರಲ್ಲಿ ಉಂಟು. ಅದೊಂದೇ ಅಲ್ಲ, ಇನ್ನೂ ಐದುಂಟು. ಎಂತ ಹೇಳ್ತೀರಿ?"

ಹುಲಿಗೆವ್ವ ಸೆರಗಿನ ಗಂಟು ಬಿಚ್ಚಿ ತನ್ನ ಗುಂಡಿಯ ಫೋನನ್ನು ಮೇಜಿನ ಮೇಲಿಟ್ಟಳು. "ನನ್ನ ಹಂತೇಲಿರೂದು ಇದೊಂದ ರೀ ಸಾಹೇಬ್ರ. ಯಾರ ಪಾದ ಮುಟ್ಟಂದ್ರ ಮುಟ್ಟತೀನಿ."

"ಪಾದ ಎಲ್ಲ ಬೇಡ. ಮಾಸ್ಟ್ರೇ, ಈ ದನಿಯಾ?"

ಸ್ಟ್ಯಾನಿಸ್ಲಾಸರು ಗೋಡೆಯನ್ನೇ ನೋಡುತ್ತ ತಲೆ ಅಲ್ಲಾಡಿಸಿದರು. "ಅಲ್ಲ. ಅದು ಗಂಡಸು. ತುಂಬಾ ಕಲಿತವರ ಹಾಗೆ ಮಾತಾಡ್ತಿದ್ದ. ಪಾಪ, ಈ ಅಮ್ಮ ಅಲ್ಲ."

ದೇಜಪ್ಪನವರು ಅವಳಿಗೆ ಕೈ ಚಾಚಲು ಹೇಳಿದರು. ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಹದಿನಾಲ್ಕು ವರ್ಷ ಸಿಮೆಂಟು ತಿಂದ ಬೆರಳು. ತಿಕ್ಕಿ ತೊಳೆದ ತಟ್ಟೆಯ ಹಾಗೆ ನುಣ್ಣಗಿತ್ತು. "ಇದನ್ನು ಎಲ್ಲಿಯಾದ್ರೂ ಮೆಷಿನಿನ ಮೇಲೆ ಒತ್ತಿದ್ದೀರಾ? ಕ್ಯಾಂಪು ಗೀಂಪು ಅಂತ? ತುಂಬಾ ಸಲ ಒತ್ತಿಸಿದ್ರಾ?"

ಒತ್ತಿದ್ದಳು. ಕೇಳಿದ ಕೂಡಲೇ ಎಲ್ಲ ಕಣ್ಣ ಮುಂದೆ ಬಂದು ನಿಂತಿತು.

ಶಿವರಾತ್ರಿಯ ಹಿಂದಿನ ಭಾನುವಾರ ಅಲೆವೂರಿನಲ್ಲಿ, ಅವರ ತಗಡಿನ ಮನೆಗಳ ಸಾಲಿನ ಹತ್ತಿರ, ಇಸ್ತ್ರಿ ಅಂಗಿಯ ತರುಣನೊಬ್ಬ ದೊಡ್ಡ ಕೊಡೆಯ ಕೆಳಗೆ ಮೇಜು ಹಾಕಿ ಕೂತಿದ್ದ. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ, ಮೇಜಿನ ಮೇಲೆ ಬೆರಳು ಒತ್ತುವ ಪುಟ್ಟ ಡಬ್ಬಿ. ಕಟ್ಟಡ ಕಾರ್ಮಿಕರ ಕಾರ್ಡು ಹೊಸದು ಮಾಡಿಕೊಡುತ್ತೇನೆ, ಮಕ್ಕಳಿಗೆ ಓದಿಗೆ ಸಹಾಯ ಬರುತ್ತದೆ ಎಂದ. ಎಲ್ಲರೂ ತಮ್ಮ ಹೆಸರು, ಗಂಡನ ಹೆಸರು, ಊರಿನ ಹೆಸರು ಹೇಳಿದರು. ಅವನ ಹೆಸರು ಕೇಳಿದವರಿಲ್ಲ.

ಹುಲಿಗೆವ್ವ ಮೊದಲು ಒತ್ತಿದಳು. ಡಬ್ಬಿ ಕೆಂಪು ತೋರಿಸಿತು. "ಗೆರೆ ಬೀಳ್ತಾ ಇಲ್ಲಮ್ಮ, ಇನ್ನೊಂದು ಸಲ." ಮತ್ತೆ ಒತ್ತಿದಳು. ಆರು ಸಲ ಒತ್ತಿದಳು. ಬೇರೆ ಯಾರಿಗಾದರೂ ಎರಡನೆಯ ಸಲಕ್ಕೇ ಅನುಮಾನ ಬಂದೀತು. ಹುಲಿಗೆವ್ವನಿಗೆ ಬರಲಿಲ್ಲ. ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳೂ ಇದೇ ಹಾಡು. ಗಾರೆ ಕೆಲಸದ ಹೆಂಗಸರ ಬೆರಳನ್ನು ಯಾವ ಮೆಷಿನ್ನೂ ಒಂದೇ ಏಟಿಗೆ ಒಪ್ಪಿದ್ದಿಲ್ಲ. ಸೆರಗಿಗೆ ಒರೆಸು, ತಲೆಯ ಎಣ್ಣೆಗೆ ತಾಗಿಸು, ಬಾಯಿಯ ಬಿಸಿ ಊದು, ಮತ್ತೆ ಒತ್ತು. ತಪ್ಪು ಮೆಷಿನ್ನಿನದಲ್ಲ, ತಮ್ಮ ಬೆರಳಿನದು ಎಂದೇ ನಂಬಿ ಬದುಕಿದವರು ಅವರು. ಆ ನಂಬಿಕೆಯ ಮೇಲೇ ಆ ತರುಣ ಕೊಡೆ ಹಿಡಿದು ಕೂತಿದ್ದ.

"ನೀವೇ ಇಲ್ಲಿಯ ಲೀಡರ್ ಅಲ್ವಾ?" ಎಂದು ಕೇಳಿದ್ದ. ಹುಲಿಗೆವ್ವ ಉಬ್ಬಿಹೋಗಿದ್ದಳು. ಸಾಲಿನಲ್ಲಿ ಯಾರಿಗೆ ಯಾವ ಆಫೀಸಿನ ಕೆಲಸ ಬಿದ್ದರೂ ಮುಂದೆ ಹೋಗಿ ನಿಲ್ಲುವವಳು ಅವಳೇ. ಬೇಕಾದರೆ ಈ ಕಡೆಯವರ ಹಾಗೆ 'ಉಂಟು', 'ಎಂತದು' ಎಂದು ಮಾತಾಡಿಯೂ ತೋರಿಸುವವಳು. "ಹತ್ತು ಜನರನ್ನು ಕರ್ಕೊಂಡು ಬಂದ್ರೆ ನಿಮಗೊಂದು ಕುಕ್ಕರ್ ಉಂಟು. ಬೇರೆಯವರಿಗೆ ಹೇಳ್ಬೇಡಿ," ಎಂದಿದ್ದ ಅವನು. ಅವಳು ಹನ್ನೊಂದು ಜನರನ್ನು ಕರೆದು ತಂದಳು. ಕುಕ್ಕರು ಮರುದಿನ ಬಂತು. ಅಣ್ಣ ಕಳಿಸಿದ್ದು ಎಂದಳು ಎಲ್ಲರಿಗೂ.

ಇಷ್ಟನ್ನೂ ದೇಜಪ್ಪನವರಿಗೆ ಹೇಳಬೇಕಿತ್ತು. ಆರು ಸಲ ಒತ್ತಿದ್ದನ್ನು ಹೇಳಿದಳು. ಕೊಡೆಯನ್ನೂ ಡಬ್ಬಿಯನ್ನೂ ಹೇಳಿದಳು.

"ಒಂದೊಂದು ಒತ್ತಿಗೂ ನಿಮ್ಮ ಹೆಸರಲ್ಲಿ ಒಂದೊಂದು ಸಿಮ್ ತೆಗೆದಿದ್ದಾನೆ ಅವ. ಮತ್ತೆ ಯಾರೆಲ್ಲ ಇದ್ರು? ನಿಮ್ಮ ಜೊತೆಯವರು?"

"ಯಾರಿಲ್ರಿ. ನಾ ಒಬ್ಬಾಕಿನ ಹೋಗಿದ್ದೆ."

ಯಾಕೆ ಹಾಗೆ ಅಂದಳೋ! ಹನ್ನೊಂದು ಮನೆಗಳಿಗೂ ಪೊಲೀಸರು ಹೋಗುತ್ತಾರೆ, ಎಲ್ಲ ಒಟ್ಟಿಗೆ ತನ್ನ ಬಾಗಿಲಿಗೆ ಬರುತ್ತಾರೆ, ಕುಕ್ಕರಿನ ಮಾತು ಹೊರಬೀಳುತ್ತದೆ — ಅಷ್ಟೇ ಅವಳಿಗೆ ಕಂಡದ್ದು. ದೇಜಪ್ಪನವರು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬರೆದುಕೊಂಡರು.

"ನೋಡಿ, ನಿಮ್ಮ ಹೆಸರು ಈ ಕೇಸಿನಿಂದ ಬಿಡಿಸ್ಬೇಕಾದ್ರೆ ಎರಡು ಕೆಲಸ ಉಂಟು. ಒಂದು, ಉಡುಪಿಯ ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ಬೆರಳು ಬೇರೆಯವರು ಬಳಸದ ಹಾಗೆ ಲಾಕ್ ಮಾಡಿಸಿ. ಎರಡು, ಏಪ್ರಿಲಿನಲ್ಲಿ ನೀವು ಎಲ್ಲಿದ್ರಿ, ಎಂತ ಮಾಡ್ತಿದ್ರಿ ಅಂತ ಗೊತ್ತಿದ್ದ ಒಬ್ರು ಇಲ್ಲಿ ಬಂದು ಹೇಳಿಕೆ ಕೊಡ್ಬೇಕು. ಸಹಿ ಬರುವವರು. ಇಲ್ಲದಿದ್ರೆ ಹೆಸರು ಹಾಗೇ ಇರ್ತದೆ."

ಹೊರಗಿನ ಬೆಂಚಿನಲ್ಲಿ ಕೂತು ಹುಲಿಗೆವ್ವ ನೀರು ಕುಡಿದಳು. ಸ್ಟ್ಯಾನಿಸ್ಲಾಸರೂ ಬಂದು ಅದೇ ಬೆಂಚಿನ ಆ ತುದಿಗೆ ಕೂತರು. ಇಬ್ಬರ ನಡುವೆ ಮೂವರು ಕೂರುವಷ್ಟು ಜಾಗ. ಅವರೇ ಮಾತು ತೆಗೆದರು.

"ಮೂವತ್ತೆರಡು ವರ್ಷ ಶಾಲೆಯಲ್ಲಿ ಪಾಠ ಮಾಡಿದವನಮ್ಮ ನಾನು. ಅವನು ಫೋನಿನಲ್ಲಿ ಎದ್ದು ನಿಲ್ಲಿ ಅಂದ. ಎದ್ದು ನಿಂತೆ. ಕೈ ಮುಗೀರಿ ಅಂದ. ಮುಗಿದೆ. ಮಗಳು ಸೆಲೀನ್ ಬಾಗಿಲು ಬಡಿದ್ರೆ ಜ್ವರ ಅಂತ ಹೇಳಿದೆ. ಈಗಲೂ ಅವಳು ಜ್ವರ ಅಂತಲೇ ತಿಳ್ಕೊಂಡಿದ್ದಾಳೆ."

"ದೇವ್ರು ದೊಡ್ಡಾವ ರೀ," ಅಂದಳು ಹುಲಿಗೆವ್ವ.

"ಮೊದಲನೇ ದಿನವೇ ಬಾಗಿಲು ತೆಗೆದು ಅವಳಿಗೆ ಹೇಳಿದ್ರೆ ಮುಗೀತಿತ್ತು. ಅವನಿಗೆ ನನ್ನನ್ನು ಹಿಡಿದಿಡ್ಲಿಕ್ಕೆ ಹಗ್ಗ ಬೇಕಾಗ್ಲಿಲ್ಲ ನೋಡಿ. ನನ್ನ ನಾಚಿಕೆಯೇ ಸಾಕಾಯ್ತು." ಅವರು ಎದ್ದು ಕೊಡೆ ಬಿಡಿಸಿ ಬಿಸಿಲಿಗಿಳಿದು ಹೋದರು.

ಆ ಮಾತು ಹುಲಿಗೆವ್ವನಿಗೆ ಚುರುಕ್ಕೆಂದಿತು. ಒಳಗೆ ಹೋಗಿ ನಿಜ ಹೇಳಿಬಿಡಲೇ ಎಂದು ಎದ್ದಳು ಕೂಡ. ಆದರೆ ಕಾಲು ಬಸ್ಟ್ಯಾಂಡಿನ ಕಡೆಗೇ ನಡೆಯಿತು.

ಗುರುವಾರ ಉಡುಪಿಯ ಆಧಾರ್ ಕೇಂದ್ರದಲ್ಲಿ ಶ್ರೇಯಾ ಎಂಬ ಹುಡುಗಿ ಕೂತಿದ್ದಳು. ಹುಲಿಗೆವ್ವನ ಹತ್ತೂ ಬೆರಳುಗಳನ್ನು ಗಾಜಿನ ಮೇಲೆ ಇಡಿಸಿದಳು. ಒಂದೂ ಹಿಡಿಯಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಡಿಸಿದಳು. ಹಿಡಿಯಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಅದೆಲ್ಲಿಂದಲೋ ಬಂದ ಒಬ್ಬ ಕಳ್ಳ ಇದೇ ಬೆರಳಿನಿಂದ ಆರು ಸಲ ಹುಲಿಗೆವ್ವನಾಗಿ ಮೆರೆದಿದ್ದ; ಸ್ವತಃ ಹುಲಿಗೆವ್ವನನ್ನು ಹುಲಿಗೆವ್ವ ಎಂದು ಒಪ್ಪಲು ಮೆಷಿನ್ನು ತಯಾರಿರಲಿಲ್ಲ. ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

"ಬೆರಳು ಬೇಡ ಬಿಡಿ, ಕಣ್ಣು ತೆಗೆಯುವ," ಅಂದಳು ಶ್ರೇಯಾ. ಕಣ್ಣಿನ ಮೆಷಿನ್ನು ಒಂದೇ ಸಲಕ್ಕೆ ಒಪ್ಪಿತು. ಅರ್ಧ ಗಂಟೆಯಲ್ಲಿ ಬೆರಳಿಗೆ ಬೀಗ ಬಿತ್ತು. ಕಾಗದ ಕೊಡುತ್ತ ಆ ಹುಡುಗಿ ಹೇಳಿದಳು, "ಆ ದಿನ ನಿಮ್ಮ ಜೊತೆ ಬೇರೆ ಯಾರಾದ್ರೂ ಒತ್ತಿದ್ರೆ ಅವರಿಗೂ ಬೇಗ ಹೇಳಿ ಅಮ್ಮ. ಅವರ ಹೆಸರಲ್ಲಿ ತೆಗೆದ ನಂಬರು ಬಂದ್ ಮಾಡಿಸಿ ಬೆರಳು ಲಾಕ್ ಆಗುವವರೆಗೆ ಎಂತ ಬೇಕಾದ್ರೂ ಆಗ್ಬಹುದು."

"ಹೇಳತೀನವಾ," ಅಂದಳು ಹುಲಿಗೆವ್ವ. ಆ ಸಂಜೆ ಅನ್ನಪೂರ್ಣ ಬಾಗಿಲಿಗೆ ಬಂದು ಹೊಲದ ತಕರಾರು ಏನಾಯಿತೆಂದು ಕೇಳಿದಳು. "ಮುಗೀತಬೇ," ಅಂದುಬಿಟ್ಟಳು.

ಒಂದು ದಿನವಾಯಿತು, ನಾಲ್ಕು ದಿನವಾಯಿತು, ವಾರವೂ ಕಳೆಯಿತು. ಸಹಿ ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಪಕ್ಕದ ತಗಡಿನ ಮನೆಯಲ್ಲೇ ಇತ್ತು. ಆ ಉತ್ತರವನ್ನು ತಪ್ಪಿಸಿಕೊಳ್ಳುವುದಕ್ಕೆ ಅವಳು ಊರೆಲ್ಲ ಸುತ್ತಿದಳು. ಸೋಮಲಿಂಗನನ್ನು ಕೇಳಿದಳು, ಅವನು ಪೂರ್ತಿ ಕೇಳುವ ಮೊದಲೇ ಕೈ ತೊಳೆದುಕೊಂಡ. ಕೊನೆಗೆ ಒಂದು ಭಾನುವಾರ ಕಾಪುವಿಗೆ ಹೋದಳು, ವಾರಿಜಕ್ಕನನ್ನು ಹುಡುಕಿಕೊಂಡು.

ವಾರಿಜಾ ಮೀನು ಮಾರುವವಳು. ಹುಲಿಗೆವ್ವ ಗಂಡ ಹನುಮಪ್ಪನ ಜೊತೆ ಮೊದಲ ಸಲ ಕರಾವಳಿಗೆ ಬಂದಾಗ ಆರು ವರ್ಷ ಅವಳ ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ಇದ್ದದ್ದು. ಹನುಮಪ್ಪ ತೀರಿಕೊಂಡಾಗ ಬಂದು ಎರಡು ದಿನ ಜೊತೆಗಿದ್ದವಳು. ಮಾರುಕಟ್ಟೆಯಲ್ಲಿ ಬುಟ್ಟಿಯ ಹಿಂದೆ ಕೂತಿದ್ದ ಅವಳು ಹುಲಿಗೆವ್ವನನ್ನು ಕಂಡು ಮುಖವರಳಿಸಿದಳು. ಕತೆ ಕೇಳಿ ಬಂಗುಡೆಯ ಮೇಲೆ ಮಂಜುಗಡ್ಡೆ ಸರಿಪಡಿಸಿದಳು.

"ನೀನು ಕಳ್ಳಿ ಅಲ್ಲ ಅಂತ ಎಲ್ಲಿ ಬೇಕಾದ್ರೂ ಹೇಳ್ತೇನೆ ಮಾರಾಯ್ತಿ. ಆದ್ರೆ ಏಪ್ರಿಲಿನಲ್ಲಿ ನೀನು ಎಲ್ಲಿದ್ದಿ ಅಂತ ನನಗೆಂತ ಗೊತ್ತುಂಟು? ನೋಡದ್ದನ್ನು ನೋಡಿದೆ ಅಂತ ಬರೀಲಾ?"

"ನಿಮ್ಮನ್ನ ಬಿಟ್ರ ನನಗ ಯಾರದಾರ ರೀ ಅಕ್ಕಾರ?"

"ಸುಳ್ಳು ಹೇಳ್ಬೇಡ. ನಿನ್ನ ಆಚೆ ಮನೆ ಈಚೆ ಮನೆಯಲ್ಲಿ ಜನ ಇಲ್ವಾ? ಅವರ ಹತ್ರ ಕೇಳ್ಲಿಕ್ಕೆ ಯಾಕೆ ಆಗುದಿಲ್ಲ?" ವಾರಿಜಾ ಅವಳ ಮುಖವನ್ನೇ ನೋಡಿದಳು. ಮೀನು ಕೊಳ್ಳುವವರ ಮುಖ ನೋಡಿಯೇ ಅವರ ಮನಸ್ಸಿನ ಬೆಲೆ ಹೇಳುವ ಹೆಂಗಸು. "ಅವರಿಗೂ ಎಂತದೋ ಆಗಿದೆ. ಅಲ್ವಾ? ನಿನ್ನಿಂದ ಆಗಿದೆ."

ಹುಲಿಗೆವ್ವ ನೆಲ ನೋಡಿದಳು. ಮೀನು ಮಾರುಕಟ್ಟೆಯ ನೆಲದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ವಾರಿಜಾ ಒಂದು ಕಾಗದದಲ್ಲಿ ನಾಲ್ಕು ಬಂಗುಡೆ ಸುತ್ತಿ ಅವಳ ಕೈಗಿಟ್ಟು, "ಹೋಗು. ಇಲ್ಲಿ ಕೂತು ಅಳ್ಬೇಡ," ಅಂದಳು.

ಮರುದಿನ ಸೋಮವಾರ ಕಟ್ಟಡದಲ್ಲಿ ಕರೆಂಟಿರಲಿಲ್ಲ, ಕೆಲಸಕ್ಕೆ ರಜೆ. ಅನ್ನಪೂರ್ಣ ಸಾಲಿನ ಕೊನೆಯ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಹುಲಿಗೆವ್ವ ಹೋಗಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು. ಹೇಗೆ ಶುರು ಮಾಡಬೇಕೆಂದು ರಾತ್ರಿಯೆಲ್ಲ ಹೊಂದಿಸಿಕೊಂಡದ್ದು ಒಂದೂ ನೆನಪಿಗೆ ಬರಲಿಲ್ಲ.

"ಅನ್ನಪೂರ್ಣಾ, ಹೊಲದ ತಕರಾರಲ್ಲ ಅದು."

"ಗೊತ್ತೈತಕ್ಕಾ. ನಿನಗೆಲ್ಲಿ ಹೊಲ?"

ಆಮೇಲೆ ಎಲ್ಲವನ್ನೂ ಹೇಳಿದಳು. ಕೊಡೆ, ಡಬ್ಬಿ, ಆರು ನಂಬರು, ಮಾಸ್ಟರು, ಠಾಣೆ. ಒಬ್ಬಳೇ ಹೋಗಿದ್ದೆ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದಳು. ಅನ್ನಪೂರ್ಣಳ ಕೈ ನಿಂತಿತು.

"ಅವತ್ತ ನಾ ಎರಡ ಸಲ ಒತ್ತಿ ಕೈ ಹಿಂದ ತಗೊಂಡಿದ್ದೆ," ಅಂದಳು ಅವಳು ನಿಧಾನವಾಗಿ. "ಇದೇನಕ್ಕಾ ಇಷ್ಟ ಸಲ ಒತ್ತಸ್ತಾನ ಇವ ಅಂದಿದ್ದೆ. ನೀ ನನ್ನ ಬೆರಳ ನಿನ್ನ ಸೆರಗಿಲೆ ಒರಿಸಿ, ನೀನ ಹಿಡದ ಒತ್ತಿಸಿದಿ."

"ಹೌದು."

"ಯಾಕ ಅಷ್ಟ ಜುಲುಮಿ ಮಾಡಿದಿ?"

ಇಲ್ಲಿ ನಿಲ್ಲಿಸಿದ್ದರೆ ನಡೆಯುತ್ತಿತ್ತು. ನಿನ್ನ ಮಗಳ ಓದಿಗೆ ಸಹಾಯವಾಗಲಿ ಅಂತ ಎಂದಿದ್ದರೆ ಅನ್ನಪೂರ್ಣ ನಂಬುತ್ತಿದ್ದಳು. ಅರ್ಧ ನಿಜವೂ ಹೌದು. ಹುಲಿಗೆವ್ವ ನಿಲ್ಲಿಸಲಿಲ್ಲ. "ಹತ್ತ ಮಂದೀನ ಕರತಂದ್ರ ಕುಕ್ಕರ್ ಕೊಡತೀನಿ ಅಂದಿದ್ದ. ಅಣ್ಣ ಕಳಿಸಿದ್ದಲ್ಲ ಅದು. ನಿಮ್ಮನ್ನೆಲ್ಲಾ ತೋರಿಸಿ ತಗೊಂಡಿದ್ದು."

ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ಅನ್ನಪೂರ್ಣ ಅದನ್ನು ತಿರುಗಿಸಿ ನಿಲ್ಲಿಸಿದಳು. ಬೈಯುತ್ತಾಳೆ, ಕೂಗಿ ನಾಲ್ಕು ಜನರನ್ನು ಸೇರಿಸುತ್ತಾಳೆ ಎಂದು ಹುಲಿಗೆವ್ವ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅದರಾಗ ಮಾಡಿದ ಅನ್ನ ನಾನೂ ಉಂಡೀನಿ," ಅಂದಳು ಅನ್ನಪೂರ್ಣ. "ನನ್ನ ಮಗಳಿಗೆ ಜ್ವರ ಬಂದಾಗ ಗಂಜಿ ಮಾಡ್ಕೊಂಡ ಬಂದಿದ್ದಿ ಅದರಾಗ." ಸೀರೆ ಹಿಂಡಿ ಬಕೆಟಿಗೆ ಹಾಕಿದಳು. "ನಾಳಿ ಕಾರ್ಕಳಕ್ಕ ಬರತೀನಿ. ಏಪ್ರಿಲ್‌ನಾಗ ನೀ ನನ್ನ ಬಾಜೂಕ ಸಿಮೆಂಟ ಕಲಸಾಕತ್ತಿದ್ದಿ, ಅದು ಖರೇ ಐತಿ. ಖರೇ ಇದ್ದದ್ದು ಬರದು ಕೊಡಾಕ ನನಗೇನು?"

ಅಷ್ಟೇ. ಹುಲಿಗೆವ್ವನಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ, ಸುಮ್ಮನೆ ಎರಡು ವಾರ ಹೆಣಗಿದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಬಹಳ ಬೇಗ ಸಮಾಧಾನಪಡುವವರಲ್ಲಿ ಅವಳೂ ಒಬ್ಬಳು.

ಮಂಗಳವಾರ ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಹೋದರು. ಅನ್ನಪೂರ್ಣ ಕಿಟಕಿಯ ಕಡೆ. ಮಾತು ಕಡಿಮೆ, ಆದರೂ ಹಿರಿಯಡ್ಕದಲ್ಲಿ ಬಸ್ಸು ನಿಂತಾಗ ಒಂದು ಪೊಟ್ಟಣ ಕಡಲೆ ಕೊಂಡು ಇಬ್ಬರೂ ಹಂಚಿಕೊಂಡರು.

ಠಾಣೆಯಲ್ಲಿ ದೇಜಪ್ಪನವರು ಕಾಗದ ತೆಗೆಯುವ ಮೊದಲೇ ಹುಲಿಗೆವ್ವ ನಿಂತುಕೊಂಡೇ ಹೇಳಿದಳು. "ಸಾಹೇಬ್ರ, ಅವತ್ತ ನಾ ಸುಳ್ಳ ಹೇಳಿದ್ದೆ. ನಾ ಒಬ್ಬಾಕಿ ಅಲ್ಲ. ಹನ್ನೊಂದ ಮಂದಿ ಒತ್ತ್ಯಾರ. ನಾನ ಕರಕೊಂಡ ಹೋಗಿದ್ದೆ. ಅದಕ್ಕ ನನಗ ಕುಕ್ಕರ್ ಕೊಟ್ಟಿದ್ದ." ಹನ್ನೊಂದು ಹೆಸರುಗಳನ್ನೂ ಒಂದೊಂದಾಗಿ ಹೇಳಿದಳು. ಪಕ್ಕದ ಮೇಜಿನ ಕಾನ್‌ಸ್ಟೇಬಲ್ ಬರೆಯುವುದನ್ನು ಬಿಟ್ಟು ನೋಡಿದ.

"ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ದೇಜಪ್ಪನವರು ಮೊದಲ ಸಲ ದನಿ ಏರಿಸಿದರು. ಅನ್ನಪೂರ್ಣಳ ಕಡೆ ತಿರುಗಿದರು. "ನಿಮ್ಮ ಫೋನ್ ಕೊಡಿ. ನಿಮ್ಮ ಹೆಸರಲ್ಲಿ ಎಷ್ಟುಂಟು ನೋಡುವ."

ಅವಳ ಫೋನಿಗೊಂದು ಸಂಖ್ಯೆ ಬಂತು, ಅದನ್ನು ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ನಾಲ್ಕು ನಂಬರು ಬಂದವು. ಒಂದು ಅವಳದು. ಉಳಿದ ಮೂರನ್ನು ದೇಜಪ್ಪನವರು ಬೆರಳಿಟ್ಟು ಓದಿದರು. ಮೂರನೆಯದರ ಮೇಲೆ ಬೆರಳು ನಿಂತಿತು. ಎದ್ದುಹೋಗಿ ಕಪಾಟಿನಿಂದ ಬೇರೊಂದು ಫೈಲು ತಂದರು.

"ಇದು ನನ್ನ ಹತ್ರ ಆಗಲೇ ಉಂಟು. ಹಿರಿಯಡ್ಕದ ರೋಸಿ ಅಂತ, ಅಂಗನವಾಡಿಯಲ್ಲಿ ಇರುವವರು. ಅವರಿಗೂ ಇದೇ ರೀತಿ ಫೋನು. ಆ ಫೋನು ಬಂದದ್ದು ಹೋದ ಬುಧವಾರ, ನಂಬರು ಯಾರ ಹೆಸರಿನದ್ದು ಅಂತ ಇನ್ನೂ ಗೊತ್ತಾಗಿರ್ಲಿಲ್ಲ."

ಹೋದ ಬುಧವಾರ. ಹುಲಿಗೆವ್ವ ಉಡುಪಿಯಲ್ಲಿ ತನ್ನ ಬೆರಳಿಗೆ ಬೀಗ ಹಾಕಿಸಿಕೊಂಡು ಬಂದು ಆಗ ಆರು ದಿನವಾಗಿತ್ತು. ಆರು ದಿನವೂ ಅವಳು ಅನ್ನಪೂರ್ಣಳ ಪಕ್ಕದಲ್ಲೇ ಬುಟ್ಟಿ ತುಂಬಿದ್ದಳು. ಬಾಯಿ ಬಿಟ್ಟಿದ್ದರೆ ಅಷ್ಟರಲ್ಲಿ ಆ ನಂಬರು ಬಂದ್ ಆಗಿರುತ್ತಿತ್ತು, ಆ ಫೋನು ಹೋಗುತ್ತಿರಲಿಲ್ಲ.

ಅನ್ನಪೂರ್ಣಳಿಗೂ ಅಷ್ಟು ಲೆಕ್ಕ ಬರುತ್ತಿತ್ತು. "ನೀ ಉಡುಪಿಗೆ ಹೋಗಿದ್ದು ಯಾವತ್ತಕ್ಕಾ?" ಎಂದು ಕೇಳಿದಳು.

"ಅದರ ಹಿಂದಿನ ಗುರುವಾರ."

"ಅವತ್ತ ಸಂಜೀಕ ನಾ ನಿನ್ನ ಬಾಗಿಲಿಗೆ ಬಂದಿದ್ದೆ. ಕೇಳಿದ್ದೆ."

"ಕೇಳಿದ್ದಿ."

ಅನ್ನಪೂರ್ಣ ದೇಜಪ್ಪನವರ ಮೇಜಿನ ಕಡೆ ತಿರುಗಿಕೊಂಡಳು. ದೇಜಪ್ಪನವರು ಅವಳ ಹೇಳಿಕೆ ಬರೆಯಲು ಕೂತರು. ಕೇಳಿದ್ದಕ್ಕೆಲ್ಲ ಅವಳು ತಡವರಿಸದೆ ಉತ್ತರ ಕೊಟ್ಟಳು. ಒಂಬತ್ತು ವರ್ಷದ ಪರಿಚಯ. ಏಪ್ರಿಲಿನ ಆ ಮೂರು ದಿನವೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಮಹಡಿಯಲ್ಲಿ ಕೆಲಸ. ಇವಳಿಗೆ ಓದು ಬರುವುದಿಲ್ಲ. ಇವಳ ಹತ್ತಿರ ಬೇರೆ ಫೋನು ನೋಡಿಲ್ಲ. ಆ ಕರೆಗಳನ್ನು ಇವಳು ಮಾಡಿಲ್ಲ. ಬರೆದಾದ ಮೇಲೆ ದೇಜಪ್ಪನವರು ಕಾಗದವನ್ನು ಅವಳ ಕಡೆ ತಳ್ಳಿದರು. "ಓದಿ ಸಹಿ ಮಾಡಿ. ಆಮೇಲೆ ಇವರ ಹೆಸರು ಬಿಡಿಸ್ಲಿಕ್ಕೆ ನಾನು ಬರೀತೇನೆ. ಇವತ್ತಿಗೆ ಮುಗೀತು."

ಅನ್ನಪೂರ್ಣ ಅಕ್ಷರಕ್ಕೆ ಬೆರಳಿಟ್ಟು ಓದಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೊನೆಯ ಸಾಲಿಗೆ ಬಂದು ನಿಂತಳು.

"ಇದೇನ್ರಿ ಸಾಹೇಬ್ರ, ಇಲ್ಲಿ? 'ನನಗೆ ತಿಳಿದಂತೆ ಸದರಿಯವರು ದುಡಿದು ತಿನ್ನುವವರೂ ನಂಬಿಕಸ್ಥರೂ ಆಗಿರುತ್ತಾರೆ.' ಇದು ನಾ ಹೇಳಿಲ್ಲ."

"ಅದು ಎಲ್ಲರದಕ್ಕೂ ಬರೆಯುವುದಮ್ಮ. ಹಾಗೇ ಇರ್ತದೆ."

"ದುಡದ ತಿನ್ನಾಕಿ, ಅದು ಖರೇ. ಇರಲಿ." ಅವಳು ಹುಲಿಗೆವ್ವನ ಕಡೆ ನೋಡಲಿಲ್ಲ. "ಇನ್ನೊಂದು ಹೊಡದ ಹಾಕ್ರಿ. ನಾ ಖರೇ ಇದ್ದದ್ದ ಅಷ್ಟ ಬರಸತೀನಿ ಅಂತ ಹೇಳಿ ಬಂದೀನಿ."

ದೇಜಪ್ಪನವರು ಪೆನ್ನು ಹಿಡಿದು ಇಬ್ಬರನ್ನೂ ನೋಡಿದರು. ಆಮೇಲೆ ಆ ಒಂದು ಪದದ ಮೇಲೆ ಗೆರೆ ಎಳೆದರು. "ಹೇಳಿಕೆಯಲ್ಲಿ ಹೊಡೆದು ಹಾಕಿದ್ರೆ ಪಕ್ಕದಲ್ಲಿ ಸಹಿ ಬೇಕು. ಹುಲಿಗೆವ್ವ ನೋಡಿ ಒಪ್ಪಿದ್ದಾರೆ ಅಂತ ಅವರದ್ದೂ ಒಂದು ಇರ್ಲಿ. ನಾಳೆ ಯಾರೂ ಕೇಳ್ಬಾರ್ದು."

ಅನ್ನಪೂರ್ಣ ಸಹಿ ಮಾಡಿ, ಕೆಳಗೆ ಗೆರೆ ಎಳೆದು, ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಹುಲಿಗೆವ್ವ ಕುರ್ಚಿಗೆ ಬಂದಳು. ಓದು ಬಾರದವಳಿಗೆ ಓದಿ ಹೇಳಬೇಕೆಂಬುದು ನಿಯಮ. ದೇಜಪ್ಪನವರು ಮೊದಲಿಂದ ಕೊನೆಯವರೆಗೆ ಓದಿದರು. ಹೊಡೆದು ಹಾಕಿದ ಜಾಗ ಬಂದಾಗ ದನಿ ತಗ್ಗಿಸಿ, "ಇಲ್ಲಿ 'ನಂಬಿಕಸ್ಥರು' ಅಂತ ಇದ್ದದ್ದನ್ನು ತೆಗೆದಿದೆ," ಅಂದರು. "ಸರಿ ಉಂಟಾ?"

ಇನ್ನು ಒಂದು ಗುರುತು ಹಾಕಿದರೆ ಆರು ನಂಬರುಗಳೂ ಅವಳ ಹೆಸರನ್ನು ಬಿಟ್ಟು ಹೋಗುತ್ತಿದ್ದವು. ಅಣ್ಣನಿಗೆ ಫೋನು ಮಾಡಿ ನಾನಲ್ಲ ಎಂದು ಹೇಳಬಹುದಿತ್ತು. ಅವಳು ಕಾಗದದ ಮೇಲಿನ ಆ ಗೆರೆಯನ್ನು ನೋಡಿದಳು. ಓದು ಬಾರದಿದ್ದರೂ ಅದು ಯಾವ ಪದವೆಂದು ಅವಳಿಗೆ ಕಾಣುತ್ತಿತ್ತು.

"ಖರೇ ಐತ್ರಿ," ಅಂದಳು ಹುಲಿಗೆವ್ವ, ಮತ್ತು ಹೆಬ್ಬೆಟ್ಟು ಒತ್ತಿದಳು.